ಮೊಳೆ ಹೊಡೆದ ಚಾರ್ಟು

ಶಾಲೆಗಳಲ್ಲಿ ಕಣ್ಣು ಪರೀಕ್ಷೆ ಮಾಡುವಾಗ ನನಗೆ ಸಿಟ್ಟು ಬರುವುದು ಮಕ್ಕಳ ಮೇಲಲ್ಲ, ಅವರ ಬೆನ್ನ ಹಿಂದೆ ನಿಲ್ಲುವ ತಾಯಂದಿರ ಮೇಲೆ. ಮಗು ಒಂದು ಕಣ್ಣು ಮುಚ್ಚಿಕೊಂಡು ಚಾರ್ಟಿನತ್ತ ನೋಡಿ ತಡವರಿಸಿದ್ದೇ ತಡ, ಹಿಂದಿನಿಂದ ಒಂದು ಕೆಮ್ಮು ಬರುತ್ತದೆ. ಮಗು ತಿರುಗಿ ನೋಡಿದರೆ ತಾಯಿಯ ತಲೆ ಬಲಕ್ಕೆ ವಾಲಿರುತ್ತದೆ. ಇನ್ನೊಬ್ಬಳು ಕೂದಲು ಸರಿಮಾಡುವ ನೆಪದಲ್ಲಿ ಬೆರಳು ಮೇಲೆತ್ತಿರುತ್ತಾಳೆ. ಮಗುವಿಗೆ ಕನ್ನಡಕ ಬಂದರೆ ಮನೆತನದ ಮುಖಕ್ಕೇ ಮಸಿ ಬಳಿದಂತೆ ಇವರಿಗೆ. "ಅಮ್ಮಾ, ಪರೀಕ್ಷೆ ನಿಮಗಲ್ಲ, ಮಗುಗೆ. ಸ್ವಲ್ಪ ಹೊರಗೆ ನಿಂತ್ಕೊಳ್ಳಿ" ಅನ್ನುತ್ತಿದ್ದೆ. ಎಷ್ಟೋ ಜನ ಮುಖ ಊದಿಸಿಕೊಂಡು ಹೋಗಿದ್ದಾರೆ. ಹೋಗಲಿ ಬಿಡಿ, ನನಗೇನು ಅವರ ಮನೆಯಲ್ಲಿ ಊಟವಿತ್ತೇ?

ನಾನು ಡಾಕ್ಟರಲ್ಲ. ಒಂದು ಕಣ್ಣಾಸ್ಪತ್ರೆಯ ಶಾಲಾ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಜರಡಿ ಹಿಡಿಯುವ ಕೆಲಸ ನನ್ನದು. ಸರಿಯಾಗಿ ಕಾಣುವ ಮಕ್ಕಳು ತರಗತಿಗೆ ವಾಪಸ್ಸು, ಕಾಣದವರಿಗೆ ಗುಲಾಬಿ ಬಣ್ಣದ ಚೀಟಿ. ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋದರೆ ಮುಂದಿನದು ಡಾಕ್ಟರ ಪಾಲು. ಕೆಲಸದಲ್ಲಿ ನನ್ನದು ಉಸಿರುಗಟ್ಟಿಸುವ ಶಿಸ್ತು ಎಂದು ತಂಡದ ಹುಡುಗಿಯರು ಗೊಣಗುತ್ತಾರೆ. ಗೊಣಗಲಿ. ಗಂಟು ಹಾಕಿದ ದಾರ ಹಿಡಿದು ಆರು ಮೀಟರ್ ಅಳೆದೇ ಮಗುವನ್ನು ನಿಲ್ಲಿಸಬೇಕು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಅಂಗೈಯಿಂದ ಕಣ್ಣು ಮುಚ್ಚಲು ಬಿಡಬಾರದು, ಬೆರಳ ಸಂದಿಯಿಂದ ಇಣುಕುತ್ತವೆ. ಕಪ್ಪು ಪ್ಲಾಸ್ಟಿಕ್ ಸೌಟಿನಿಂದ ಮುಚ್ಚಬೇಕು. ಸಾಲು ಬಾಗಿಲ ಹೊರಗೇ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಾರ್ಟು ಎರಡು ಇರಬೇಕು, ಆಗಾಗ ಬದಲಾಯಿಸುತ್ತಿರಬೇಕು.

ನಮ್ಮ ಚಾರ್ಟಿನಲ್ಲಿ ಅಕ್ಷರಗಳಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು, ಮೇಲಿನ ಸಾಲಿನಲ್ಲಿ ದೊಡ್ಡದು, ಕೆಳಗೆ ಬಂದಂತೆಲ್ಲ ಸಣ್ಣದು. ಹಲ್ಲು ಯಾವ ಕಡೆಗಿದೆ ಎಂದು ಮಗು ಹೇಳಬೇಕು: ಮೇಲೆ, ಕೆಳಗೆ, ಬಲ, ಎಡ. ಓದು ಬಾರದ ಮಗುವೂ ಹೇಳಬಹುದು. ಆದರೆ ಸಾಲಿನಲ್ಲಿ ತನಗಿಂತ ಮುಂದಿದ್ದವರು ಹೇಳಿದ್ದನ್ನು ಕೇಳಿಸಿಕೊಂಡ ಮಗು ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಅದಕ್ಕೇ ಎರಡು ಚಾರ್ಟು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಇದನ್ನೇ ಹೇಳಿಕೊಡುತ್ತಿದ್ದೆ. "ಮಕ್ಕಳು ಸುಳ್ಳು ಹೇಳಲ್ಲ ಅನ್ನೋದೇ ದೊಡ್ಡ ಸುಳ್ಳು. ನಿಮ್ಮನ್ನ ಖುಷಿಪಡಿಸೋಕೆ ಏನ್ ಬೇಕಾದ್ರೂ ಹೇಳ್ತವೆ."

ಇಷ್ಟೆಲ್ಲ ಗೊತ್ತಿದ್ದವಳು ಮನೆಯಲ್ಲಿ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ನಾನು ಮದುವೆಯಾಗಲಿಲ್ಲ. ತಂಗಿಯ ಮನೆಯಲ್ಲೇ ಇದ್ದೇನೆ. ಅವಳು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾಳೆ. ಅವಳ ಗಂಡ ದೂರದೂರಿಗೆ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆ ಕಂಡರೆ ಹೆಚ್ಚು. ಅವರಿಗೊಬ್ಬಳೇ ಮಗಳು. ಮಾತು ಖಾರವಾದ್ದರಿಂದ ಅವಳನ್ನು ನಾವು ಮೆಣಸು ಎಂದೇ ಕರೆಯುವುದು. ಮೆಣಸಿಗೆ ನಾಲ್ಕು ವರ್ಷವಿದ್ದಾಗ ಸಕ್ಕರೆ ಕಾಯಿಲೆ ಬಂತು. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಹಾಸಿಗೆ ಒದ್ದೆ ಮಾಡುತ್ತಿದ್ದಳು, ಒಂದು ತಿಂಗಳಲ್ಲಿ ಕಡ್ಡಿಯಾದಳು. ಅಂದಿನಿಂದ ಊಟಕ್ಕೆ ಮೊದಲು ಬೆರಳಿಗೆ ಸೂಜಿ, ಆಮೇಲೆ ಹೊಟ್ಟೆಗೋ ತೊಡೆಗೋ ಇನ್ಸುಲಿನ್. ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪಕ್ಕ ಅವಳ ಔಷಧಿ. ಸಕ್ಕರೆ ಇಳಿದರೆ ಇರಲಿ ಎಂದು ಶಾಲೆಯ ಚೀಲದಲ್ಲಿ ಬಿಸ್ಕತ್ತು. ಕಣ್ಣಲ್ಲಿ ಕಣ್ಣಿಟ್ಟು ಸಾಕಿದೆವು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಸುಳ್ಳೇನಲ್ಲ. ಕಣ್ಣೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹಾಗೆಯೇ ನೋಡಿಕೊಂಡೆವು.

ಅವಳಿಗೆ ಹನ್ನೊಂದಾದಾಗ ಸಕ್ಕರೆ ಡಾಕ್ಟರು ಕಾರ್ಡಿನಲ್ಲಿ ಬರೆದುಕೊಟ್ಟರು: ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣಿನ ಪರೀಕ್ಷೆ. ಆ ಹನಿ ಹಾಕಿದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಒಳಗಿನ ಪರದೆಯವರೆಗೂ ಡಾಕ್ಟರಿಗೆ ಕಾಣುತ್ತದೆ. ಮೊದಲ ವರ್ಷ ನಾನೇ ಕರೆದುಕೊಂಡು ಹೋದೆ. ಹನಿ ಉರಿಯಿತು. ಮೂರು ತಾಸು ಕಾದೆವು. ಬಿಸಿಲಿಗೆ ಬಂದರೆ ಕಣ್ಣು ಬಿಡಲಾಗದೆ ನನ್ನ ದುಪಟ್ಟಾದೊಳಗೆ ಮುಖ ಹುದುಗಿಸಿಕೊಂಡು ಬಸ್ಸು ಹತ್ತಿದಳು. ಮರುದಿನ ಅವಳಿಗೆ ಗಣಿತದ ಪರೀಕ್ಷೆ, ಸಂಜೆಯವರೆಗೂ ಪುಸ್ತಕ ಮಂಜುಮಂಜು. ರಿಪೋರ್ಟಿನಲ್ಲಿ ಏನೂ ತೊಂದರೆ ಇಲ್ಲ ಎಂದಿತ್ತು. ಅವಳು ಅತ್ತು ಅತ್ತು ಸುಸ್ತಾಗಿ ಕೇಳಿದಳು, "ಕಣ್ಣು ಚೆನ್ನಾಗೇ ಇದೆಯಲ್ಲ ದೊಡ್ಡಮ್ಮ. ಚೆನ್ನಾಗಿರೋದನ್ನೂ ಯಾಕೆ ಚುಚ್ತೀರ?"

ಮುಂದಿನ ವರ್ಷ ತಂಗಿ ಕಾರ್ಡು ತೆಗೆದು ತೋರಿಸಿದಾಗ ನಾನು ದೊಡ್ಡಸ್ತಿಕೆಯಿಂದ ಹೇಳಿದೆ, "ಪಾಪ, ಮತ್ತೆ ಅವಳನ್ನ ಅಲ್ಲಿಗೆ ಎಳ್ಕೊಂಡು ಹೋಗೋದು ಬೇಡ. ನಾನೇ ನೋಡ್ತೀನಿ. ಏನಾದ್ರೂ ಇದ್ರೆ ಆಗ ಹೋದ್ರಾಯ್ತು."

"ನಿಂಗೆ ಗೊತ್ತಾಗುತ್ತಾ ಅಕ್ಕ?"

"ಇಪ್ಪತ್ತು ವರ್ಷ ಏನ್ ಕತ್ತೆ ಕಾಯ್ತಿದ್ನಾ?"

ತಂಗಿ ಕಾರ್ಡನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಮ್ಮ ಮನೆಯ ಮುಂಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಉದ್ದನೆಯ ಪ್ಯಾಸೇಜು. ದಾರ ಹಿಡಿದು ಅಳೆದರೆ ಸರಿಯಾಗಿ ಆರು ಮೀಟರ್, ಒಂದು ಗೇಣು ಹೆಚ್ಚು. ಆಸ್ಪತ್ರೆಯವರು ಎಸೆಯಲಿಟ್ಟಿದ್ದ ಹಳೆಯ ಚಾರ್ಟೊಂದನ್ನು ತಂದು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದೆ. ಮೆಣಸು ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಗಾಳಿಗೆ ಹಾರಬಾರದೆಂದು ನಾಲ್ಕು ಮೂಲೆಗೂ ಮೊಳೆ ಹೊಡೆದಿದ್ದೆ. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಗೆರೆ. ಬಂದ ನೆಂಟರಿಗೆಲ್ಲ ಬೇಡವೆಂದರೂ ಪರೀಕ್ಷೆ ಮಾಡುತ್ತಿದ್ದೆ. ಮೆಣಸು ಆ ಚಾರ್ಟಿನಿಂದ ಒಂದು ಆಟವನ್ನೇ ಕಟ್ಟಿದ್ದಳು. ಅಕ್ಕಪಕ್ಕದ ಮಕ್ಕಳನ್ನು ಗೆರೆಯ ಮೇಲೆ ನಿಲ್ಲಿಸಿ, ಬಾಚಣಿಗೆಯ ಹಲ್ಲು ತಿರುಗಿದ ಕಡೆಗೆ ಕುಪ್ಪಳಿಸುವುದು: ಬಲ, ಮೇಲೆ, ಮೇಲೆ, ಎಡ, ಕೆಳಗೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಉಳಿದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿರುತ್ತಿದ್ದರು, ಇವಳೊಬ್ಬಳು ತಪ್ಪಿಲ್ಲದೆ ಮುಗಿಸುತ್ತಿದ್ದಳು. ಚಾರ್ಟಿಗೆ ಬೆನ್ನು ಹಾಕಿ ನಿಂತೂ ಕುಪ್ಪಳಿಸಿ ತೋರಿಸುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ.

ಬೆನ್ನು ಹಾಕಿ ನಿಂತು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಇದನ್ನು ನೆನೆದಾಗಲೆಲ್ಲ ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ.

ಪ್ರತಿ ವರ್ಷ ಶಾಲೆಗೆ ರಜೆ ಬಿಟ್ಟ ಮೊದಲ ಭಾನುವಾರ ಅವಳ ಪರೀಕ್ಷೆ. ಗೆರೆಯ ಮೇಲೆ ನಿಂತು, ಒಂದು ಕಣ್ಣಿಗೆ ಸೌಟು ಹಿಡಿದು, ಸರಸರನೆ ಕೊನೆಯ ಸಾಲಿನವರೆಗೂ ಹೇಳುತ್ತಿದ್ದಳು. ನಾನು ಕಾರ್ಡಿನ ಹಿಂಭಾಗದಲ್ಲಿ ತಾರೀಕು ಹಾಕಿ "ಎರಡೂ ಕಣ್ಣು ಸರಿ" ಎಂದು ಬರೆಯುತ್ತಿದ್ದೆ. ಹೀಗೆ ಎರಡು ವರ್ಷ.

ಮೂರನೆಯ ವರ್ಷ ಅವಳಿಗೆ ಹದಿನಾಲ್ಕು. ಆ ವಯಸ್ಸಿನ ಸೊಕ್ಕು ಎಲ್ಲ ಮಕ್ಕಳಿಗೂ ಇರುವಂಥದ್ದೇ, ಆದರೆ ಇವಳದು ಇನ್ಸುಲಿನ್ ಮೇಲೆ ತಿರುಗಿತ್ತು. ಹಾಕಿಕೊಂಡೆ ಅನ್ನುವಳು, ಹಾಕಿಕೊಂಡಿರುವುದಿಲ್ಲ. ಸಕ್ಕರೆ ಏರಿಕೊಂಡೇ ಇರುತ್ತಿತ್ತು, ಮನೆಯಲ್ಲಿ ದಿನಾ ಜಗಳ. ಅದೇ ಗದ್ದಲದಲ್ಲಿ ಬೇರೆ ಕೆಲವು ಸಂಗತಿಗಳೂ ನಡೆದವು. ತಟ್ಟೆಯ ಬಲಗಡೆ ಇಟ್ಟ ನೀರಿನ ಲೋಟ ಆಗಾಗ ಉರುಳುತ್ತಿತ್ತು. ಬಾಗಿಲ ಚೌಕಟ್ಟಿಗೆ ತಾಗಿ ಅವಳ ಬಲ ಭುಜದಲ್ಲಿ ಒಂದು ನೀಲಿ ಕಲೆ ಮಾಯುವಷ್ಟರಲ್ಲಿ ಇನ್ನೊಂದು. "ಕಣ್ಣು ಎಲ್ಲಿಟ್ಕೊಂಡು ನಡೀತೀಯೆ?" ಎಂದು ನಾನೇ ಬೈದಿದ್ದೇನೆ. ಅವಳು ತಿರುಗಿ ಮಾತಾಡದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಸಲ ರಜೆಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ಮೊಳೆ ಕೀಳುವಾಗ ಹಳೆಯ ಚಾರ್ಟು ನಡುವಿಗೆ ಹರಿಯಿತು. ನಾನು ಶಾಲೆಗೆ ಹೋಗಿದ್ದೆ. ನಾನು ಬಂದು ಕೂಗಾಡುತ್ತೇನೆಂದು ಹೆದರಿ ತಂಗಿ ನನ್ನ ಕಪಾಟಿನಿಂದ ಇನ್ನೊಂದು ಚಾರ್ಟು ತೆಗೆದು ಅದೇ ಜಾಗಕ್ಕೆ ಹೊಡೆಸಿದಳು. ಅದೇ ಅಳತೆ, ಅದೇ ಬಾಚಣಿಗೆ. ನೋಡಿದವರಿಗೆ ಹಳೆಯದೇ ತೊಳೆದಂತಿತ್ತು. ಅದು ನನ್ನ ಎರಡನೇ ಚಾರ್ಟು. ಹಲ್ಲುಗಳ ದಿಕ್ಕು ಬೇರೆ.

ಭಾನುವಾರ ಬಂತು. ನಾನು ಒಲೆಯ ಮುಂದಿದ್ದೆ, ಕೈಯಲ್ಲಿ ಸೌಟಿತ್ತು, ಕಣ್ಣಿನದಲ್ಲ, ಅಡುಗೆಯದು. "ಶುರು ಮಾಡೇ ಮೆಣಸು, ಬಲಗಣ್ಣು ಮೊದಲು" ಎಂದು ಅಲ್ಲಿಂದಲೇ ಕೂಗಿದೆ. ಅವಳು ಎಡಗಣ್ಣು ಮುಚ್ಚಿಕೊಂಡು ಶುರು ಮಾಡಿದಳು. ಬಲ. ಮೇಲೆ, ಮೇಲೆ. ಎಡ, ಕೆಳಗೆ, ಬಲ. ಪಲ್ಲವಿಯಂತೆ ಹರಿದು ಬರುತ್ತಿತ್ತು. ಒಗ್ಗರಣೆ ಸಿಡಿಯುತ್ತಿದ್ದರೂ ನನ್ನ ಕಿವಿಗೆ ಒಂದೂ ತಪ್ಪು ಸಿಗಲಿಲ್ಲ. ಸಿಗುವುದಾದರೂ ಹೇಗೆ? ನನಗೂ ಅದು ಬಾಯಿಪಾಠ. ಹದಿಮೂರು ವರ್ಷದಿಂದ ದಿನಾ ಅದರ ಮುಂದೆಯೇ ಓಡಾಡಿದವಳು ನಾನು.

"ಶಭಾಷ್" ಅಂದೆ.

ತಂಗಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಪ್ಯಾಸೇಜಿನಲ್ಲಿ ನಿಂತಿದ್ದಳು. ಅವಳು ಒಮ್ಮೆ ಮಗಳನ್ನು, ಒಮ್ಮೆ ಗೋಡೆಯನ್ನು ನೋಡಿದಳು.

"ಅಕ್ಕ, ಸ್ವಲ್ಪ ಬಾ ಇಲ್ಲಿ."

"ಸೀದುಹೋಗುತ್ತೆ ಕಣೆ. ಏನು?"

"ಮೊದಲ್ನೇದು ಬಲಕ್ಕಿಲ್ಲ. ಕೆಳಗಿದೆ."

ನಾನು ಒಲೆ ಆರಿಸಿ ಬಂದೆ. ಚಾರ್ಟನ್ನು ನೋಡಿದೆ. ಮೊದಲ ಗುರುತು ಅಂಗೈಗಿಂತ ದೊಡ್ಡದು. ಅದರ ಮೂರು ಹಲ್ಲೂ ನೆಲದ ಕಡೆಗಿದ್ದವು. ಮೆಣಸು ಇನ್ನೂ ಸೌಟು ಹಿಡಿದೇ ನಿಂತಿದ್ದಳು.

"ಹಳೇದು ಹರೀತು ಅಕ್ಕ. ನಾನೇ ಬೇರೆ ಹಾಕ್ಸಿದ್ದು" ಎಂದಳು ತಂಗಿ. "ಇವಳು ಹಳೇದನ್ನ ಹೇಳ್ತಿದಾಳೆ. ನೀನೂ ಹಳೇದನ್ನೇ ಕೇಳ್ತಿದೀಯ."

ನಾನು ಮೆಣಸಿನ ಹತ್ತಿರ ಹೋಗಿ ಅವಳ ಮುಖದ ಮುಂದೆ ಎರಡು ಬೆರಳು ಹಿಡಿದೆ. "ಎಷ್ಟು?"

"ಕೈ ಇದೆ ಅಂತ ಗೊತ್ತಾಗುತ್ತೆ" ಎಂದಳು. "ಮಸಿ ಚೆಲ್ಲಿದ ಹಾಗಿದೆ ದೊಡ್ಡಮ್ಮ. ಮೊದಲು ಕೂದಲೆಳೆ ಥರ ಓಡಾಡ್ತಿತ್ತು. ಈಗ ಪೂರ್ತಿ."

"ಯಾವಾಗಿಂದ?"

"ಶಾಲೇಲಿ ಅರ್ಧವಾರ್ಷಿಕ ಪರೀಕ್ಷೆ ಆದಾಗಿಂದ."

ನಾಲ್ಕು ತಿಂಗಳು. ಒಂದೇ ಮನೆ, ಒಂದೇ ಊಟದ ಮೇಜು, ಕಣ್ಣು ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಎದುರಿಗೆ. ನಾನು ಆ ಬಿಳಿ ಗೆರೆಯ ಮೇಲೆಯೇ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ನಮ್ಮದೇ ಆಸ್ಪತ್ರೆಗೆ ಹೋದೆವು. ಹನಿ ಹಾಕಿದಾಗ ಈ ಸಲ ಅವಳು ಅಳಲಿಲ್ಲ. ಕಣ್ಣಿನ ಪರದೆಯ ಕಾಯಿಲೆಗಳನ್ನೇ ನೋಡುವ ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಬಲಗಣ್ಣಿನಲ್ಲಿ ಪರದೆಯ ಮೇಲೆ ಹೊಸ ರಕ್ತನಾಳಗಳು ಬೆಳೆದು, ಒಡೆದು, ಒಳಗೆಲ್ಲ ರಕ್ತ ತುಂಬಿದೆ. ಗಾಯದ ಎಳೆಗಳು ಪರದೆಯನ್ನೇ ಎಳೆದಿವೆ. ಆಪರೇಷನ್ ಮಾಡಬೇಕು, ಆದರೆ ಎಷ್ಟು ವಾಪಸ್ಸು ಬರುತ್ತದೆಂದು ಈಗಲೇ ಹೇಳಲಾಗದು. ಎಡಗಣ್ಣಿನಲ್ಲೂ ಶುರುವಾಗಿದೆ, ಲೇಸರ್ ಹಾಕಿದರೆ ಉಳಿಸಿಕೊಳ್ಳಬಹುದು. ಅವರು ಇಷ್ಟನ್ನೂ ತಂಗಿಗೆ ಹೇಳಿದರು, ನನ್ನ ಕಡೆ ನೋಡಲಿಲ್ಲ.

ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. "ವರ್ಷಾ ವರ್ಷ ನೋಡ್ತಾನೇ ಇದ್ದೆ ಡಾಕ್ಟ್ರೆ. ಇವಳು ಬಾಯಿಪಾಠ ಹೇಳಿ ನನ್ನ ಕಣ್ಣಿಗೆ ಮಣ್ಣೆರಚಿದ್ಲು" ಅಂದೆ.

ಅಷ್ಟು ನೀಚ ಮಾತು ನನ್ನ ಬಾಯಿಂದ ಬಂತು. ಮಗು ಪಕ್ಕದಲ್ಲೇ ಕೂತಿತ್ತು.

ಡಾಕ್ಟರಮ್ಮ ಹಣೆಯ ದೀಪ ಆರಿಸಿದರು. "ಹೋದ ವರ್ಷ ಅವಳು ನಿಜವಾಗ್ಲೂ ಓದಿರ್ತಾಳೆ ಮೇಡಂ. ಆಗ ದೃಷ್ಟಿ ಸರಿಯಾಗೇ ಇದ್ದಿರುತ್ತೆ. ಆದ್ರೆ ಇದು ಆಗ್ಲೇ ಒಳಗೆ ಬೆಳೀತಿತ್ತು. ಕೊನೇ ಸಾಲು ಓದೋ ಕಣ್ಣಲ್ಲೂ ಇದು ಇರುತ್ತೆ. ಚಾರ್ಟು ಇದನ್ನ ಹೇಳಲ್ಲ, ಹನಿ ಹಾಕಿ ಒಳಗೆ ನೋಡ್ಬೇಕು. ಹೋದ ವರ್ಷವೇ ನೋಡಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ, "ನಿಮಗೆ ನಾನು ಹೇಳ್ಬೇಕಾ?" ಅಂದರು.

ಹೇಳಬೇಕಿರಲಿಲ್ಲ. ಸಕ್ಕರೆ ಕಾಯಿಲೆಯ ಮಕ್ಕಳಿಗೆ ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಹನಿ ಹಾಕಿಸಿ ಎಂದು ದೊಡ್ಡಕ್ಷರದಲ್ಲಿ ಬರೆದ ಕಾಗದ ಅದೇ ಕೋಣೆಯ ಬಾಗಿಲ ಮೇಲಿತ್ತು. ಅಂಟಿಸಿದವಳು ನಾನೇ. ಊರಿನ ಶಾಲೆಗಳ ಗೋಡೆಗಳಿಗೆಲ್ಲ ಅಂಟಿಸಿದವಳೂ ನಾನೇ. ಮೆಣಸು ಸುಳ್ಳು ಹೇಳಿದ್ದು ನಾಲ್ಕು ತಿಂಗಳು ಮಾತ್ರ. ಅದಕ್ಕೂ ಮುಂಚಿನ ಎರಡು ವರ್ಷ ಪೂರ್ತಿ ನನ್ನದು. ಅದನ್ನು ಹೊರಲು ಇನ್ನೊಬ್ಬರು ಸಿಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ಅವಳನ್ನು ಕೇಳಿದೆ, "ಯಾಕೆ ಹೇಳ್ಲಿಲ್ಲ ಪುಟ್ಟಾ?"

ಪಾಪೆ ಅಗಲವಾದ ಅವಳ ಕಣ್ಣುಗಳು ಕಪ್ಪಗೆ ಹೊಳೆಯುತ್ತಿದ್ದವು. "ಬೆರಳು ನಿಮ್ದು, ಹೊಟ್ಟೆ ನಿಮ್ದು, ನಾನು ತಿನ್ನೋದೂ ನಿಮ್ದೇ ಲೆಕ್ಕ. ಕಣ್ಣೊಂದು ಚೆನ್ನಾಗಿದೆ ಅಂತ ನೀನು ಎಲ್ಲರ ಹತ್ರ ಹೇಳ್ಕೊಂಡು ಬರ್ತಿದ್ದೆ. ನಮ್ಮ ಮೆಣಸು ಕೊನೇ ಸಾಲು ಓದ್ತಾಳೆ ಅಂತ. ಅದೂ ಹೋಯ್ತು ಅಂತ ಹೇಗೆ ಹೇಳ್ಲಿ?"

ತಂಗಿ ಬೈಯಲಿಲ್ಲ, ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು. "ಊರ ಮಕ್ಕಳಿಗೆಲ್ಲ ಗುಲಾಬಿ ಚೀಟಿ ಬರೆದೆ ಅಕ್ಕ. ನನ್ನ ಮಗಳಿಗೊಂದು ಬರೀಲಿಲ್ಲ." ಅಂದಿನಿಂದ ಅವಳು ನನ್ನ ಹತ್ತಿರ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳ ಗಂಡ ಬಂದವನು ಗೋಡೆಯ ಚಾರ್ಟು ಕಿತ್ತು ಹಾಕಿದ. ನಾಲ್ಕು ಮೊಳೆ ಮಾತ್ರ ಹಾಗೆಯೇ ಉಳಿದವು, ಯಾರೂ ಕೀಳಲಿಲ್ಲ.

ಎಡಗಣ್ಣಿಗೆ ಮೂರು ಸಲ ಲೇಸರ್ ಹಾಕಿದರು. ಬಲಗಣ್ಣಿಗೆ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಕಾಯಿರಿ, ಪರದೆ ಕೂತಿದ್ದರೆ ಸ್ವಲ್ಪ ಸ್ವಲ್ಪವಾಗಿ ಬರಬಹುದು ಎಂದರು. ಮೆಣಸು ಈಗ ಇನ್ಸುಲಿನ್ ತಪ್ಪಿಸುವುದಿಲ್ಲ. ಆಟವೂ ಇಲ್ಲ, ಜಗಳವೂ ಇಲ್ಲ. ಹೇಳಿದ ಹೊತ್ತಿಗೆ ಬಂದು ಬೆರಳು ಒಡ್ಡುತ್ತಾಳೆ. ಖಾರ ಹೋದ ಮೇಲೆ ಆ ಹೆಸರಿನಿಂದ ಕರೆಯಲು ನನಗೇ ಸಂಕೋಚ.

ಆರು ತಿಂಗಳ ನಂತರ ದೃಷ್ಟಿ ಪರೀಕ್ಷೆಗೆ ಕರೆದರು. ತಂಗಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ, ನಾನೇ ಕರೆದುಕೊಂಡು ಹೋದೆ. "ಪರೀಕ್ಷೆ ಆದ ತಕ್ಷಣ ಫೋನ್ ಮಾಡು, ಇದ್ದದ್ದು ಇದ್ದ ಹಾಗೆ ಹೇಳು" ಎಂದಷ್ಟೇ ಅಂದಳು. ಪರೀಕ್ಷೆ ಮಾಡಲು ಕೂತಿದ್ದವಳು ನನ್ನ ಕೈಕೆಳಗೇ ಪಳಗಿದ ಹುಡುಗಿ. ಮೊದಲ ದಿನ ನನ್ನಿಂದ ಬೈಸಿಕೊಂಡು ಅತ್ತಿದ್ದಳು. ಅವಳು ಮೆಣಸನ್ನು ಕುರ್ಚಿಯಲ್ಲಿ ಕೂರಿಸಿ ಎಡಗಣ್ಣು ಮುಚ್ಚಿದಳು. ಮೆಣಸು ಕೈ ಚಾಚಿದಳು, ನಾನು ಹಿಡಿದುಕೊಂಡೆ.

"ಮೇಲಿನ ದೊಡ್ಡದು ಯಾವ ಕಡೆ ಇದೆ ಹೇಳು."

ಮೆಣಸು ಕಣ್ಣು ಕಿರಿದಾಗಿಸಿದಳು.

ಹುಡುಗಿ ಚಾರ್ಟನ್ನು ಅರ್ಧ ದೂರಕ್ಕೆ ತಂದಳು. ಆಮೇಲೆ ಇನ್ನೂ ಹತ್ತಿರ, ಕೈಚಾಚಿದರೆ ಸಿಗುವಷ್ಟು. ಬಾಚಣಿಗೆಯ ಹಲ್ಲು ಎಡಕ್ಕಿತ್ತು. ಕುರುಡರಿಗೂ ಕಾಣುವಷ್ಟು ದೊಡ್ಡದಾಗಿತ್ತು. ಹಾಗೆಂದು ಮನಸ್ಸಿನಲ್ಲಿ ಅಂದುಕೊಂಡವಳಿಗೆ ನನ್ನ ನಾಲಿಗೆ ಸೇದಿಹೋಗಬಾರದೇ ಅನ್ನಿಸಿತು. ಮೆಣಸು ಕತ್ತು ಮುಂದಕ್ಕೆ ಚಾಚಿ, ಆ ಕಡೆ ಈ ಕಡೆ ಹೊರಳಿಸಿ ಹುಡುಕುತ್ತಿದ್ದಳು. ಒಂದು ಸಲ ಹೇಳಿಬಿಡಲಿ, ಒಂದೇ ಒಂದು ಸಲ. ತಂಗಿಗೆ ಫೋನಿನಲ್ಲಿ ಹೇಳಲು ನನಗೆ ಒಂದು ಗುರುತು ಸಾಕಾಗಿತ್ತು. ನನ್ನ ಹೆಬ್ಬೆರಳು ಅವಳ ಅಂಗೈಯೊಳಗೆ ತಾನಾಗಿಯೇ ಎಡಕ್ಕೆ ಒತ್ತಿತು. ನಾನು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಒತ್ತಿದೆ. ಇಪ್ಪತ್ತೆರಡು ವರ್ಷ ನಾನು ಹೊರಗಟ್ಟಿದ ತಾಯಂದಿರೆಲ್ಲ ಆ ಬೆರಳಿಗೆ ಬಂದು ಕೂತಿದ್ದರು.

ಮೆಣಸು ನಿಧಾನವಾಗಿ ಕೈ ಬಿಡಿಸಿಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

"ಬೇಡ ದೊಡ್ಡಮ್ಮ, ಹೇಳ್ಕೊಡಬೇಡ" ಎಂದಳು. ಆಮೇಲೆ ಆ ಹುಡುಗಿ ಇದ್ದ ಕಡೆಗೆ ತಿರುಗಿ, "ಕಾಣ್ತಿಲ್ಲ ಅಕ್ಕ. ಹಾಗೇ ಬರ್ಕೊಳ್ಳಿ" ಎಂದಳು.

ಹುಡುಗಿ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ನಾನು ಕಲಿಸಿದಂತೆಯೇ ಇತ್ತು.

"ಮೇಡಂ, ಪರೀಕ್ಷೆ ನಿಮಗಲ್ಲ. ಸ್ವಲ್ಪ ಹೊರಗೆ ನಿಂತ್ಕೊಳ್ಳಿ."

ನಾನು ಹೊರಗೆ ಹೋಗಿ ನಿಂತೆ.